ಬೇರೆ ದೇಶದ ಪೈಲಟ್ ಲೈಸೆನ್ಸ್ ಇಟ್ಟುಕೊಂಡು ಅಮೆರಿಕದಲ್ಲಿ ಖುಷಿಗೆ ವಿಮಾನ ಹಾರಿಸಬೇಕಾದರೆ ಏನೇನು ಕಾಗದಪತ್ರ ಬೇಕು?

ನಿಮ್ಮ ಹತ್ತಿರ ಬೇರೆ ದೇಶದ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಇದೆ, ರಜೆಗೆ ಅಮೆರಿಕಕ್ಕೆ ಹೊರಟಿದ್ದೀರಿ, ಅಲ್ಲಿ ಸೆಸ್ನಾದಂಥ ಒಂದು ಸಣ್ಣ ವಿಮಾನ ಬಾಡಿಗೆಗೆ ತಗೊಂಡು ಹಾರಿಸುವ ಆಸೆ. ನಾನೂ ಈ ಕಾಗದಗಳನ್ನೆಲ್ಲ ಮಾಡಿಸಿಕೊಂಡಿದ್ದೇನೆ, ಹಾಗಾಗಿ ಹೇಳುತ್ತೇನೆ. ಪ್ರಯಾಣದ ಟಿಕೆಟ್ ತೆಗೆಯುವ ಮೊದಲೇ ಲೈಸೆನ್ಸ್ ಪರಿಶೀಲನೆಗೆ ಅರ್ಜಿ ಹಾಕಿಬಿಡಿ. ಬೇರೆ ಕೆಲಸಗಳನ್ನು ಅಲ್ಲಿಗೆ ಹೋದ ಮೇಲೂ ಮುಗಿಸಬಹುದು. ಇದನ್ನು ಆಗುವುದಿಲ್ಲ.

ಅಂತರರಾಷ್ಟ್ರೀಯ ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಶಿಕಾಗೊ ಒಪ್ಪಂದದ ಕಾಲದಿಂದಲೂ ಮುಖ್ಯವಾಗಿ ನೋಡುವುದು ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನು. ಅಲ್ಲಿ ಬಾಡಿಗೆಗೆ ಸಿಗುವ ವಿಮಾನಗಳ ನೋಂದಣಿ 'ಎನ್' ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಅವು ಅಮೆರಿಕದವು. ಅವನ್ನು ಅಲ್ಲಿ ಹಾರಿಸಲು ಎಫ್‌ಎಎ, ಅಂದರೆ ಅಮೆರಿಕದ ವಿಮಾನಯಾನ ಇಲಾಖೆ, ಕೊಟ್ಟ ಸರ್ಟಿಫಿಕೇಟ್ ಬೇಕು. ಪರೀಕ್ಷೆಗಳನ್ನೆಲ್ಲ ಮತ್ತೆ ಬರೆಯಬೇಕಿಲ್ಲ. ನಿಮ್ಮ ಲೈಸೆನ್ಸ್ ಆಧಾರದ ಮೇಲೆಯೇ ಒಂದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ನಿಯಮದ ಸಂಖ್ಯೆ 61.75. ಫೋನಿನಲ್ಲಿ ಈ ಸಂಖ್ಯೆ ಹೇಳಿದರೆ ಸಾಕು, ಫ್ಲೈಯಿಂಗ್ ಕ್ಲಬ್‌ನವರಿಗೆ ವಿಷಯ ಗೊತ್ತಾಗುತ್ತದೆ.

ಮೊದಲು 8060-71 ಎಂಬ ಫಾರಂ ತುಂಬಿ, ಲೈಸೆನ್ಸ್ ಮತ್ತು ಮೆಡಿಕಲ್ (ಪೈಲಟ್‌ನ ಆರೋಗ್ಯ ಪ್ರಮಾಣಪತ್ರ) ಪ್ರತಿಗಳ ಜೊತೆ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ವಿಭಾಗಕ್ಕೆ ಕಳಿಸಬೇಕು. ಅವರು ನಿಮಗೆ ಲೈಸೆನ್ಸ್ ಕೊಟ್ಟ ದೇಶದ ವಿಮಾನಯಾನ ಇಲಾಖೆಗೆ ಬರೆದು, ಈ ಲೈಸೆನ್ಸ್ ನಿಜವೇ, ಅಮಾನತಿನಲ್ಲಿ ಇಲ್ಲ ತಾನೇ ಎಂದು ಕೇಳುತ್ತಾರೆ. ತಡವಾಗುವುದು ಇಲ್ಲೇ. ಎಫ್‌ಎಎ 45ರಿಂದ 90 ದಿನ ಎನ್ನುತ್ತದೆ, ಆದರೆ ನಿಮ್ಮ ಇಲಾಖೆ ಉತ್ತರ ಕೊಡದೆ ಕೂತರೆ ಒಕ್ಲಹೋಮದವರೂ ಏನೂ ಮಾಡುವ ಹಾಗಿಲ್ಲ. ಅದಕ್ಕೇ ನಾನು ಅರ್ಜಿ ಹಾಕಿದ ದಿನವೇ ನನಗೆ ಲೈಸೆನ್ಸ್ ಕೊಟ್ಟ ಕಚೇರಿಗೂ ಬರೆದು, ಇಂಥ ವಿಚಾರಣೆ ಬರುತ್ತದೆ, ದಯವಿಟ್ಟು ಬೇಗ ಉತ್ತರಿಸಿ ಎಂದು ಕೇಳಿಕೊಂಡೆ. ನೀವೂ ಹಾಗೆ ಮಾಡಿ. ಅರ್ಜಿಯಲ್ಲಿ ಹೆಸರು ಲೈಸೆನ್ಸ್‌ನಲ್ಲಿ ಇದ್ದ ಹಾಗೇ ಇರಲಿ. ಪಾಸ್‌ಪೋರ್ಟ್‌ನಲ್ಲಿ ಬೇರೆ ಥರ ಇದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಪರಿಶೀಲನೆ ಮುಗಿದರೆ ಒಂದು ಪತ್ರ ಬರುತ್ತದೆ. ಅದಕ್ಕೆ ಆರು ತಿಂಗಳ ಅವಧಿ. ಹಾಗಾಗಿ ತೀರಾ ಬೇಗ ಮಾಡಿಸಿದರೂ ಪ್ರಯೋಜನವಿಲ್ಲ. ನಂತರ ಎಫ್‌ಎಎಯ ಸ್ಥಳೀಯ ಕಚೇರಿಗೆ ಮೊದಲೇ ಸಮಯ ಕೇಳಿಕೊಂಡು ಖುದ್ದಾಗಿ ಹೋಗಬೇಕು. ಆ ಪತ್ರ, ಮೂಲ ಲೈಸೆನ್ಸ್, ಮೆಡಿಕಲ್, ಪಾಸ್‌ಪೋರ್ಟ್, ಹಾರಾಟದ ಲೆಕ್ಕ ಬರೆದಿಟ್ಟ ಲಾಗ್‌ಬುಕ್ ಎಲ್ಲ ಕೈಯಲ್ಲಿರಲಿ. ನಿಮ್ಮ ದೇಶದ ಮೆಡಿಕಲ್ ಚಾಲ್ತಿಯಲ್ಲಿದ್ದರೆ ಸಾಕು, ಅಮೆರಿಕದ್ದೇ ಆಗಬೇಕಿಲ್ಲ. ಇಂಗ್ಲಿಷ್ ಓದಲು, ಬರೆಯಲು, ಮಾತಾಡಲು ಬರುತ್ತದೆಯೇ ಎಂದು ನೋಡುತ್ತಾರೆ. ಎಲ್ಲ ಸರಿ ಇದ್ದರೆ 120 ದಿನದ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. 2025ರಿಂದ ಇನ್ನೊಂದು ನಿಯಮ ಸೇರಿದೆ: ನಿಮ್ಮ ವಿಳಾಸ ಅಮೆರಿಕದ ಹೊರಗಿದ್ದರೆ, ಎಫ್‌ಎಎ ಪತ್ರಗಳನ್ನು ನಿಮ್ಮ ಪರವಾಗಿ ಪಡೆಯಲು ಅಲ್ಲಿನ ವಿಳಾಸವಿರುವ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು.

ಈ ಸರ್ಟಿಫಿಕೇಟ್ ನಿಮ್ಮ ಮೂಲ ಲೈಸೆನ್ಸ್‌ಗೆ ಅಂಟಿಕೊಂಡೇ ಇರುತ್ತದೆ. ಮೂಲದ್ದು ಅಮಾನತಾದರೆ ಇದೂ ನಡೆಯುವುದಿಲ್ಲ. ಹಾರುವಾಗ ಎರಡೂ ಜೊತೆಗಿರಬೇಕು. ಹಣಕ್ಕಾಗಿ ಹಾರಿಸುವಂತಿಲ್ಲ.

ಕಾರ್ಡ್ ಬಂತು ಅಂತ ತಕ್ಷಣ ಹಾರುವ ಹಾಗಿಲ್ಲ. ಮೊದಲು ಫ್ಲೈಟ್ ರಿವ್ಯೂ ಆಗಬೇಕು, ಇನ್‌ಸ್ಟ್ರಕ್ಟರ್ ಜೊತೆ ಕಡಿಮೆ ಅಂದರೂ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಅಲ್ಲಿ ಕಂಟ್ರೋಲರ್‌ಗಳು ಮಾತಾಡುವ ವೇಗ ಬೇರೆ. ಟವರ್ ಇಲ್ಲದ ವಿಮಾನ ನಿಲ್ದಾಣಗಳು ಜಾಸ್ತಿ, ಅಲ್ಲಿ ಪೈಲಟ್‌ಗಳೇ ರೇಡಿಯೊದಲ್ಲಿ ತಾವು ಎಲ್ಲಿದ್ದೇವೆ ಎಂದು ಹೇಳಿಕೊಳ್ಳುತ್ತಾ ಇಳಿಯುತ್ತಾರೆ. ಇದು ಕಿವಿಗೆ ರೂಢಿಯಾಗುವ ತನಕ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವುದೇ ಒಳ್ಳೆಯದು. ನನ್ನ ಮಟ್ಟಿಗೆ ಇನ್‌ಸ್ಟ್ರಕ್ಟರ್‌ಗೆ ಕೊಟ್ಟ ಹಣ ಪೂರ್ತಿ ಸಾರ್ಥಕವಾಯಿತು. ಬೇರೆಯವರನ್ನು ಕೂರಿಸಿಕೊಳ್ಳುವುದಾದರೆ ಹಿಂದಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಬಾಡಿಗೆ ವಿಮಾನಕ್ಕೆ ವಿಮೆ ಯಾರದು, ಎಷ್ಟರವರೆಗೆ ಎಂದು ಸಹಿ ಹಾಕುವ ಮೊದಲು ಓದಿ.

ಅದೇ ವಿಮಾನದಲ್ಲಿ ಕೆನಡಾಕ್ಕೋ ಬಹಾಮಾಸ್‌ಗೋ ಹೋಗಿ ಬರುವ ಯೋಚನೆ ಇದ್ದರೆ ಕೆಲಸ ಹೆಚ್ಚುತ್ತದೆ. ರೇಡಿಯೊ ಪರವಾನಗಿ ಬೇಕಾಗುತ್ತದೆ. ಹೊರಡುವಾಗಲೂ ವಾಪಸ್ ಬರುವಾಗಲೂ, ವಿಮಾನ ಏರುವ ಕನಿಷ್ಠ 60 ನಿಮಿಷ ಮೊದಲು ಅಮೆರಿಕದ ಕಸ್ಟಮ್ಸ್‌ಗೆ ಒಳಗಿರುವವರ ಹೆಸರುಗಳನ್ನು ಆನ್‌ಲೈನಿನಲ್ಲಿ ಕಳಿಸಿ, ಹೊರಡಬಹುದು ಎಂಬ ಉತ್ತರ ಪಡೆದಿರಬೇಕು. ಮೊದಲ ಸಲ ಇದನ್ನು ಬಿಟ್ಟು ದೇಶದೊಳಗೇ ಹಾರಿ.