ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆಯುವವರಿಗೆ ರಕ್ತದ ಕ್ಯಾನ್ಸರ್ ಭಯ: ಎಷ್ಟು ನಿಜ?

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕು. ದೊಡ್ಡಪ್ಪ ಮೂವತ್ತು ವರ್ಷ ಊರವರ ತೊಗರಿ, ಹತ್ತಿಗೆ ಕೂಲಿ ಮೇಲೆ ಎಣ್ಣೆ ಹೊಡೆದವರು. ಈಗ ಕುತ್ತಿಗೆ ಗಂಟಿನ ಬಯಾಪ್ಸಿಯಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮಾ (ರಕ್ತದ ಬಿಳಿ ಕಣಗಳಿಂದ ಶುರುವಾಗುವ ಒಂದು ಕ್ಯಾನ್ಸರ್) ಎಂದು ಬಂದಿದೆ. ಎಣ್ಣೆಯಿಂದಲೇ ಬಂತೇ? ತಮ್ಮನೂ (28 ವರ್ಷ) ಅದೇ ಕೆಲಸಕ್ಕೆ ಹೋಗುತ್ತಾನೆ. ತರುವುದು ನೀಲಿ, ಹಸಿರು ಗುರುತಿನ ಔಷಧವನ್ನೇ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಸಾಕೇ?

ಉತ್ತರ: ದೊಡ್ಡಪ್ಪನವರಿಗೆ ಎಣ್ಣೆಯಿಂದಲೇ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಎಣ್ಣೆ ಮುಟ್ಟದವರಿಗೂ ಇದೇ ಕಾಯಿಲೆ ಬರುತ್ತದೆ, ಗಂಟಿನಲ್ಲಿ ಕಾರಣದ ಗುರುತು ಉಳಿದಿರುವುದಿಲ್ಲ. ಹಾಗೆಂದು ಸಂಬಂಧವೇ ಇಲ್ಲ ಎನ್ನುವ ಅಂಗಡಿಯವರ ಮಾತನ್ನೂ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕ ಖಚಿತವಾಗಿ ಕ್ಯಾನ್ಸರ್ ತರುತ್ತದೆ ಎಂದಿತು. ಆಧಾರ ಇದೇ ಲಿಂಫೋಮಾ. ಹಿಂದೆ ಗಿಡಗಳಿಗೆ ಉದುರಿಸುತ್ತಿದ್ದ ಬಿಎಚ್‌ಸಿ ಪುಡಿಯಲ್ಲಿ ಶೇ 10–15ರಷ್ಟು ಇದ್ದದ್ದು ಲಿಂಡೇನೇ. ಮ್ಯಾಲಾಥಿಯಾನ್, ಡಯಾಜಿನಾನ್, ಗ್ಲೈಫೋಸೇಟ್, ಡಿಡಿಟಿಗಳನ್ನು ಅದೇ ವರ್ಷ ‘ಬಹುಶಃ ಕ್ಯಾನ್ಸರ್ ತರಬಲ್ಲವು’ ಎಂಬ 2ಎ ಗುಂಪಿಗೆ ಸೇರಿಸಲಾಯಿತು. ಫ್ರಾನ್ಸ್ ದೇಶವಂತೂ 2015ರಿಂದ ಈ ಲಿಂಫೋಮಾವನ್ನು ಕೃಷಿ ಕೆಲಸಗಾರರ ವೃತ್ತಿ ಕಾಯಿಲೆ ಎಂದೇ ಒಪ್ಪಿಕೊಂಡಿದೆ.

ಅಪಾಯ ಎಷ್ಟು? ಫ್ರಾನ್ಸ್, ನಾರ್ವೆ, ಅಮೆರಿಕಗಳ ಮೂರು ಲಕ್ಷಕ್ಕೂ ಹೆಚ್ಚು ಕೃಷಿಕರ ಲೆಕ್ಕ 2019ರಲ್ಲಿ ಬಂತು. ಹೆಚ್ಚಿನ ಔಷಧಗಳಿಗೆ ಸಂಬಂಧ ಕಾಣಲಿಲ್ಲ. ಗ್ಲೈಫೋಸೇಟ್ ಬಳಸಿದವರಲ್ಲಿ ಒಂದು ಬಗೆಯ ಲಿಂಫೋಮಾ ಶೇ 36ರಷ್ಟು, ಡೆಲ್ಟಾಮೆಥ್ರಿನ್ ಬಳಸಿದವರಲ್ಲಿ ನಿಧಾನಗತಿಯ ಒಂದು ರಕ್ತ ಕ್ಯಾನ್ಸರ್ ಶೇ 48ರಷ್ಟು ಹೆಚ್ಚಿತ್ತು. ಮೂಲ ಕಾಯಿಲೆಯೇ ಅಪರೂಪವಾದ್ದರಿಂದ ಎಣ್ಣೆ ಹೊಡೆಯುವ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಆದರೆ ಆ ದೇಶಗಳಲ್ಲಿ ಸಿಂಪರಣೆ ಬಹುತೇಕ ಟ್ರ್ಯಾಕ್ಟರಿನಿಂದ ನಡೆಯುತ್ತದೆ. ಆಳೆತ್ತರದ ತೊಗರಿಯೊಳಗೆ ಬೆನ್ನಿಗೆ ಪಂಪು ಹೊತ್ತು ನಡೆಯುವವರ ಮೈಗೆ ಬೀಳುವ ಪ್ರಮಾಣವೇ ಬೇರೆ. ಆ ಅಂಕಿ ನೋಡಿ ನಾವು ಸಮಾಧಾನಪಡುವಂತಿಲ್ಲ.

ಡಬ್ಬಿಯ ಬಣ್ಣದ ವಿಷಯದಲ್ಲಿ ನಿಮ್ಮ ಲೆಕ್ಕ ತಪ್ಪಿದೆ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ಒಂದೇ ಸಲಕ್ಕೆ ಎಷ್ಟು ವಿಷ ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಾಗಿದರೆ ಪ್ರಾಣಾಪಾಯ ಎಂಬುದನ್ನು ಮಾತ್ರ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮೈಗಿಳಿದರೆ ಏನಾಗುತ್ತದೆ ಎಂಬುದು ಆ ಬಣ್ಣದಲ್ಲಿಲ್ಲ. ಮ್ಯಾಲಾಥಿಯಾನ್ ನೀಲಿ ಗುರುತಿನದೇ.

ರಕ್ತ ಪರೀಕ್ಷೆಯದೂ ಅಷ್ಟೇ. ಕೊಲಿನೆಸ್ಟರೇಸ್ ಪರೀಕ್ಷೆ ಇತ್ತೀಚೆಗೆ ಪ್ರೊಫೆನೊಫಾಸ್‌ನಂಥ ಔಷಧ ಮೈಸೇರಿದ್ದನ್ನು ತೋರಿಸೀತು, ಕ್ಯಾನ್ಸರನ್ನಲ್ಲ. ಲಿಂಫೋಮಾ ಇದ್ದರೂ ರಕ್ತದ ಎಣಿಕೆ ಸರಿಯಾಗಿಯೇ ಬರಬಹುದು. ವರ್ಷಕ್ಕೊಮ್ಮೆಯ ವರದಿ ನಂಬಿ ಕುಳಿತುಕೊಳ್ಳುವುದಕ್ಕಿಂತ ಲಕ್ಷಣ ಗಮನಿಸಿ: ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಮೂರು–ನಾಲ್ಕು ವಾರವಾದರೂ ಕರಗದಿರುವುದು, ಕಾರಣ ತಿಳಿಯದ ಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಆರು ತಿಂಗಳಲ್ಲಿ ಹತ್ತನೇ ಒಂದು ಭಾಗ ತೂಕ ಇಳಿಯುವುದು, ವಸಡಿನಲ್ಲಿ ರಕ್ತ. ವಯಸ್ಸಾದವರಲ್ಲಿ ಬಿಡದ ಬೆನ್ನುಮೂಳೆ ನೋವನ್ನೂ ಕಡೆಗಣಿಸಬೇಡಿ. ಆಗ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಹೋಗಿ; ಬಳಸಿದ ಔಷಧಗಳ ಡಬ್ಬಿಯ ಫೋಟೊ ಮೊಬೈಲಿನಲ್ಲಿರಲಿ. ದೊಡ್ಡಪ್ಪನವರ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕಾರಣ ಯಾವುದಾದರೂ ಚಿಕಿತ್ಸೆ ಒಂದೇ.

ಇನ್ನು ತಮ್ಮನ ಮಾತು. ವಿಷ ಹೆಚ್ಚಾಗಿ ಒಳಹೋಗುವುದು ಮೂಗಿನಿಂದಲ್ಲ, ಚರ್ಮದಿಂದ. ಎಲ್ಲಕ್ಕಿಂತ ಕೆಟ್ಟ ಗಳಿಗೆ ಔಷಧ ಬೆರೆಸುವ ಗಳಿಗೆ, ಏಕೆಂದರೆ ಆಗ ಕೈಗೆ ತಾಗುವುದು ನೀರು ಸೇರದ ಗಟ್ಟಿ ಔಷಧ. ಮುಚ್ಚಳದ ಅಂದಾಜು ಬಿಟ್ಟು ಅಳತೆ ಲೋಟ ಬಳಸಲಿ: ಲೀಟರಿಗೆ 2 ಮಿ.ಲೀ. ಎಂದಿದ್ದರೆ 16 ಲೀಟರಿನ ಪಂಪಿಗೆ 32 ಮಿ.ಲೀ., ಒಂದು ಹನಿಯೂ ಹೆಚ್ಚು ಬೇಡ. ಪಂಪಿಗೆ ಮೊದಲು ಅರ್ಧ ನೀರು, ಆಮೇಲೆ ಔಷಧ, ಕೊನೆಗೆ ಉಳಿದ ನೀರು. ಕಲಕಲು ಕೈ ಬೇಡ, ಕೋಲು ಬಳಸಲಿ. ಕೈಗೆ ನೈಟ್ರೈಲ್ ಗವಸು ಬೇಕು. ಆಸ್ಪತ್ರೆಯ ತೆಳು ರಬ್ಬರ್ ಗವಸನ್ನು ಔಷಧದಲ್ಲಿರುವ ದ್ರಾವಕ ಬೇಗ ದಾಟುತ್ತದೆ.

ಎರಡನೆಯದು ಸೋರುವ ಪಂಪು. ಬೆನ್ನಿನಿಂದ ಇಳಿದ ನೀರು ಸೊಂಟ, ತೊಡೆಸಂದಿ ನೆನೆಸುತ್ತದೆ. ಪ್ಯಾರಾಥಿಯಾನ್ ಮೇಲೆ ನಡೆದ ಹಳೆಯ ಪ್ರಯೋಗದಲ್ಲಿ ವೃಷಣದ ಚರ್ಮ ಮುಂಗೈಗಿಂತ ಸುಮಾರು 12 ಪಟ್ಟು ಹೆಚ್ಚು ಹೀರಿತ್ತು. ಬೆಳಿಗ್ಗೆ ಬರೀ ನೀರು ತುಂಬಿ ಹತ್ತು ನಿಮಿಷ ಒತ್ತಡ ಕೊಟ್ಟು ನೋಡಲಿ. ಸೋರಿದರೆ ವಾಷರ್ ಬದಲಿಸಿಯೇ ಹೊಲಕ್ಕಿಳಿಯಲಿ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದದೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಲಿ. ಗಾಳಿ ಹೋಗುವ ಕಡೆಯ ಬದುವಿನಿಂದ ಶುರುಮಾಡಿ ಗಾಳಿ ಬರುವ ಕಡೆಗೆ ಸಾಲು ಸಾಲಾಗಿ ಸರಿದರೆ, ಆಗತಾನೆ ಹೊಡೆದ ಹಸಿ ಗಿಡಗಳ ನಡುವೆ ಹಾಯುವುದು ತಪ್ಪುತ್ತದೆ. ಮೂಗಿಗೆ ಕಟ್ಟಿದ ಟವೆಲ್ ಆವಿ ತಡೆಯುವುದಿಲ್ಲ. ನೆನೆದರೆ ವಿಷವನ್ನು ಬಾಯಿಗೇ ಒತ್ತಿ ಹಿಡಿಯುತ್ತದೆ.

ಸಿಂಪರಣೆಯ ಸಂಖ್ಯೆ ಇಳಿದರೆ ಇನ್ನೂ ಒಳ್ಳೆಯದು. ಕಾಯಿಕೊರಕ ದೊಡ್ಡದಾದ ಮೇಲೆ ಎರಡು ಮೂರು ಔಷಧ ಕೂಡಿಸಿ ಹೊಡೆಯುವ ಬದಲು, ಗಿಡ ಅಲುಗಿಸಿ ತಾಡಪತ್ರಿಯ ಮೇಲೆ ಹುಳು ಬೀಳಿಸಿ ನಾಶ ಮಾಡುವ ನಮ್ಮ ಭಾಗದ ಪದ್ಧತಿಯೇ ಮೇಲು.

ಪ್ರಶ್ನೆ: ಶಹಾಪುರ ಕಡೆಯವಳು, ಐದು ತಿಂಗಳ ಗರ್ಭಿಣಿ. ಹತ್ತಿಗೆ ಔಷಧ ಹೊಡೆದು ಬಂದ ಯಜಮಾನರ ಬಟ್ಟೆ ಒಗೆಯುತ್ತೇನೆ. ಕೂಸಿಗೆ ತೊಂದರೆಯೇ?

ಉತ್ತರ: ಬಟ್ಟೆ ಒಗೆದದ್ದಕ್ಕೇ ಗಾಬರಿ ಬೇಡ, ಆದರೆ ಇಂದಿನಿಂದ ಆ ಕೆಲಸ ಯಜಮಾನರದ್ದಾಗಲಿ. ಗರ್ಭಿಣಿಯಾಗಿದ್ದಾಗ ತಾಯಿ ಸ್ವತಃ ಕೀಟನಾಶಕದ ಕೆಲಸ ಮಾಡಿದ್ದರೆ ಮಗುವಿನ ರಕ್ತ ಕ್ಯಾನ್ಸರ್ ಹೆಚ್ಚು ಕಂಡುಬಂದಿದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಕಾಯಿಲೆ ಬಹಳ ಅಪರೂಪವಾದ್ದರಿಂದ ನಿಮ್ಮ ಮಗುವಿಗೆ ಬರುವ ಸಂಭವ ತೀರಾ ಕಡಿಮೆ. ಔಷಧ ಬೆರೆಸುವಲ್ಲಿ ನೀರು ಹೊತ್ತು ಕೊಡುವುದು, ಹೊಡೆದ ಹೊಲದಲ್ಲಿ ಕಳೆ ಕೀಳುವುದು ಎರಡನ್ನೂ ಹೆರಿಗೆಯಾಗಿ ಹಾಲೂಡುವವರೆಗೆ ಬಿಡಿ. ಆ ಬಟ್ಟೆಯನ್ನು ಮನೆಯೊಳಗೆ ತರದೆ, ಅದೇ ದಿನ, ಬೇರೆ ಬಕೆಟ್ಟಿನಲ್ಲಿ, ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು. ಗಟ್ಟಿ ಔಷಧವೇ ಚೆಲ್ಲಿದ ಬಟ್ಟೆ ಎಷ್ಟು ಒಗೆದರೂ ಸ್ವಚ್ಛವಾಗದು. ಅದನ್ನು ಮತ್ತೆ ತೊಡುವಂತಿಲ್ಲ, ಕೂಸಿನ ಕೌದಿಗೂ ಸೇರಿಸಬೇಡಿ.