ಮೇಷ್ಟ್ರನ್ನು ಕೇಳಿ: ಸೂರ್ಯ ಹೇಗೆ ‘ಸೆಟ್’ ಆಗ್ತಾನೆ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ. ಇಂಗ್ಲಿಷ್ ಪಾಠದಲ್ಲಿ ‘ದ ಸನ್ ಸೆಟ್ಸ್’ ಅಂತ ಬಂತು. “ಸೆಟ್ ದೋಸೆ, ಬಳೆ ಸೆಟ್ ಅಂತೀವಲ್ಲಮ್ಮಾ, ಸೂರ್ಯ ಹೇಗೆ ಸೆಟ್ ಆಗ್ತಾನೆ?” ಎಂದು ಕೇಳಿದಳು. ಡಿಕ್ಷನರಿ ತೆಗೆದರೆ ಅರ್ಥಗಳ ಪಟ್ಟಿ ಮುಗಿಯುವುದೇ ಇಲ್ಲ. ಬಾಯಿಪಾಠ ಮಾಡಿಸಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಬೇಡಮ್ಮ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೇ ಆವೃತ್ತಿ ಈ ಒಂದು ಕ್ರಿಯಾಪದಕ್ಕೇ 430 ಅರ್ಥ ಕೊಟ್ಟಿದೆ. ಅಷ್ಟನ್ನು ಯಾರ ತಲೆಗೂ ತುಂಬಲಾಗದು.

ಮಗಳ ಅನುಮಾನ ಸರಿಯಾಗಿಯೇ ಇದೆ. ಇಲ್ಲಿರುವುದು ಎರಡು ಬೇರೆ ಪದಗಳು. ದೋಸೆಯ ಸೆಟ್, ಟೀ ಸೆಟ್, ಗಣಿತದ ಸೆಟ್, ಇವೆಲ್ಲ ಗುಂಪು. ಈ ಪದ ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದಿದೆ. ಪಂಥ ಎನ್ನುವ ಅರ್ಥದ ‘ಸೆಕ್ಟ್’ಗೂ ಅದೇ ಮೂಲ. ಸೂರ್ಯನ ಸೆಟ್ ಮಾತ್ರ ಹಳೆಯ ಇಂಗ್ಲಿಷಿನದೇ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ಒಂದೇ ಬೇರಿನ ಎರಡು ಚಿಗುರು.

ತಿಪಟೂರು ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಮೊದಲು ಕನ್ನಡದಲ್ಲೇ ‘ಕೂರಿಸು’ ಎಂದು ಬರೆಯುತ್ತಿದ್ದೆ. ಏನೇನು ಕೂರಿಸ್ತೀರಿ ಹೇಳಿ ಅಂದರೆ ಸಾಕು, ಕ್ಲಾಸು ಶುರುವಾಗುತ್ತಿತ್ತು. ಉಂಗುರಕ್ಕೆ ಹರಳು ಕೂರಿಸ್ತೀವಿ ಸಾರ್. ಕೋಳೀನ ಕಾವಿಗೆ ಕೂರಿಸ್ತೀವಿ. ಮುರಿದ ಮೂಳೆ ಕೂರಿಸ್ತಾರೆ. ಈ ಮೂರೂ ಕಡೆ ಇಂಗ್ಲಿಷಿನವರೂ ‘ಸೆಟ್’ ಅನ್ನುತ್ತಾರೆ! ಇದನ್ನು ಹೇಳಿದಾಗ ಹಳ್ಳಿ ಮಕ್ಕಳ ಮುಖದಲ್ಲಿ ಬರುತ್ತಿದ್ದ ಧೈರ್ಯ ನನಗೆ ತುಂಬಾ ಇಷ್ಟ. ಇಂಗ್ಲಿಷ್ ಅಂದರೆ ಬರೀ ಪೇಟೆಯವರ ಸೊತ್ತಲ್ಲ ಅಂತ ಅವರಿಗೆ ಅನಿಸಬೇಕು. ಅಲಾರಂ ಸೆಟ್ ಮಾಡುವುದೂ ಮುಳ್ಳನ್ನು ಒಂದು ಗಂಟೆಗೆ ಕೂರಿಸುವುದೇ ಅಲ್ವಾ?

ಕೆಲವನ್ನು ಯಾರೂ ಕೂರಿಸಬೇಕಿಲ್ಲ, ತಾವೇ ಕೂರುತ್ತವೆ. ಹೆಪ್ಪು ಹಾಕಿದ ಹಾಲು ಅಲುಗದೆ ಮೊಸರಾಗುತ್ತದೆ. ಕಲಸಿದ ಸಿಮೆಂಟ್ ಬಿಗಿಯುತ್ತದೆ. ಗಾರೆ ಮೇಸ್ತ್ರಿ “ಸೆಟ್ ಆಗ್ಲಿ, ಆಮೇಲೆ ನೀರು ಹೊಡೀರಿ” ಅನ್ನುವುದು ಅಪ್ಪಟ ಇಂಗ್ಲಿಷ್ ಬಳಕೆ. ಸೂರ್ಯನೂ ಹೀಗೇ. ಕೆಳಗಿಳಿದು ಕೂರುತ್ತಾನೆ.

ಎರಡು ಕಡೆ ಹುಷಾರಾಗಿರಬೇಕು. ಈ ಕ್ರಿಯಾಪದ ಭೂತಕಾಲದಲ್ಲೂ ‘ಸೆಟ್’ ಆಗಿಯೇ ಇರುತ್ತದೆ. ‘ಸೆಟ್ಟೆಡ್’ ಎಂದು ಬರೆದರೆ ತಪ್ಪು. ಇನ್ನೊಂದು, ನಮ್ಮ ‘ಈ ಶರ್ಟ್ ನಿಂಗೆ ಸೆಟ್ ಆಗಲ್ಲ’ ಅನ್ನುವ ಮಾತು. ಕನ್ನಡದಲ್ಲಿ ಅದು ಸೊಗಸಾಗಿದೆ, ಧಾರಾಳವಾಗಿ ಆಡಲಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತ್ರ ಅಲ್ಲಿ ‘ಸೂಟ್’ ಎಂದು ಬರೆಯಬೇಕು.

ಪ್ರಶ್ನೆ: ಹೈಕೋರ್ಟ್ ಕೆಳಗಿನ ಕೋರ್ಟಿನ ಆದೇಶವನ್ನು ‘ಸೆಟ್ ಅಸೈಡ್’ ಮಾಡಿತು ಅಂತ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ. ಆದೇಶವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದೆ ಅಂತಲೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಲ್ಲಪ್ಪ. ರದ್ದು ಮಾಡಿದೆ ಅಂತ. ಸದ್ಯಕ್ಕೆ ಜಾರಿಯಾಗದಂತೆ ತಡೆದಿದ್ದರೆ ‘ಸ್ಟೇ’ ಅನ್ನುತ್ತಿದ್ದರು, ನಮ್ಮ ಪತ್ರಿಕೆಗಳ ‘ತಡೆಯಾಜ್ಞೆ’. ಆದರೆ ಮನೆಯಲ್ಲಿ ಫೀಸಿಗೆಂದು ದುಡ್ಡು ‘ಸೆಟ್ ಅಸೈಡ್’ ಮಾಡಿದ್ದಾರೆ ಎಂದರೆ ಅದು ಎತ್ತಿಟ್ಟ ದುಡ್ಡು, ಭದ್ರವಾಗಿದೆ. ಆದೇಶವೋ ದುಡ್ಡೋ ಅನ್ನುವುದನ್ನು ಮೊದಲು ನೋಡು, ಅರ್ಥ ಅಲ್ಲೇ ಸಿಗುತ್ತದೆ.