ಕಾರ್ಡ್ ಜೇಬಲ್ಲೇ ಇದ್ದು ದುಡ್ಡು ಹೋದರೆ

ಸರ್, ಕಾರ್ಡ್ ಮಂಡ್ಯದಲ್ಲಿ ನಿಮ್ಮ ಜೇಬಲ್ಲೇ ಇದೆ, ಶನಿವಾರ ರಾತ್ರಿ ಬೇರೆ ಊರಿನ ಎಟಿಎಂನಲ್ಲಿ 18,000 ರೂಪಾಯಿ ಹೋಗಿದೆ, ಶಾಖೆಯವರು ‘ಪಿನ್ ಯಾರಿಗೋ ಹೇಳಿರ್ತೀರ’ ಅಂತಾರೆ ಅಂದ್ರಿ. ಹಾಗೆ ಸುಮ್ನೆ ಅಂದರೆ ಸಾಲದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರ ಹೊಣೆ ಅಂತ ಸಾಬೀತು ಮಾಡಬೇಕಾದ್ದು ಬ್ಯಾಂಕೇ. 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡ್ ಅಪಾಯಕ್ಕೆ ಸಿಕ್ಕಿದ್ದು ಎಟಿಎಂ ಸೇವೆ ಕೊಡುವ ಕಂಪನಿಯ ವ್ಯವಸ್ಥೆಗೆ ಮಾಲ್‌ವೇರ್, ಅಂದ್ರೆ ಮಾಹಿತಿ ಕದಿಯುವ ತಂತ್ರಾಂಶ, ಹೊಕ್ಕಿದ್ದರಿಂದ. ಅಷ್ಟೂ ಜನ ಪಿನ್ ಹೇಳಿಬಿಟ್ಟಿದ್ರಾ?

ತಪ್ಪು ಬ್ಯಾಂಕಿನದಾದರೆ ನಿಮ್ಮ ಹೊಣೆ ಸೊನ್ನೆ. ಅವರದ್ದೂ ಅಲ್ಲ, ನಿಮ್ಮದೂ ಅಲ್ಲ, ಮಧ್ಯೆ ಎಲ್ಲೋ ಸೋರಿದೆ ಅಂದ್ರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೂ ಸೊನ್ನೆ. ದುಡ್ಡು ಹೋಯ್ತು ಅಂತ ಬ್ಯಾಂಕಿನ ಮೆಸೇಜ್ ಬಂದ ದಿನ, ಭಾನುವಾರ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ, ಸಾಮಾನ್ಯ ಉಳಿತಾಯ ಖಾತೆಯವರಿಗೆ 10,000ದವರೆಗೆ ಹೊರೆ ಬೀಳಬಹುದು.

ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಶಾಖೆಗೆ ಬರೆದೇ ದೂರು ಕೊಡಿ, ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆ ಎಟಿಎಂನ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತಲೂ ಅದರಲ್ಲೇ ಬರೆಯಿರಿ, ಇದನ್ನು ಜಾಸ್ತಿ ಜನ ಮರೀತಾರೆ. ನೀವು ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಿ, ಶುಲ್ಕ ಇಲ್ಲ.